ಚಿತ್ರ ಬರೆಯೋದು ನಿಲ್ಲಿಸಿ ಅಂತ ಚಿತ್ರ ಬರೆದ ಡ್ರಾಯಿಂಗ್ ಮೇಷ್ಟ್ರು

(ನಮ್ಮ ತಾಲೂಕಿನ ಚಿತ್ರಕಲಾ ಶಿಕ್ಷಕರು ಸೇರಿದ್ದಾಗ ನಾನು ಮಾತಾಡಿದ್ದು ಇದು. ಫೋನಲ್ಲಿ ರೆಕಾರ್ಡ್ ಆಗಿದ್ದನ್ನ ಕೇಳ್ಕೊಂಡು ಟೈಪ್ ಮಾಡಿದ್ದೀನಿ. ಸ್ಲೈಡ್‌ಗಳು ಇಲ್ಲಿ ಇಲ್ಲ, ಅದಕ್ಕೇ ಚಿತ್ರದಲ್ಲಿ ಏನಿದೆ ಅನ್ನೋದನ್ನ ಅವತ್ತಿಗಿಂತ ಸ್ವಲ್ಪ ಬಿಡಿಸಿ ಬರೆದಿದ್ದೀನಿ.)

ಎಲ್ರಿಗೂ ನಮಸ್ಕಾರ. ಇಲ್ಲಿರೋರಲ್ಲಿ ಅರ್ಧ ಜನ ನನ್ನ ಜೊತೆ ಪೇಪರ್ ವ್ಯಾಲ್ಯುಯೇಷನ್‌ಗೆ ಕೂತೋರು, ಇನ್ನರ್ಧ ನನ್ನ ಮಗಳ ವಯಸ್ಸಿನೋರು, ಹಾಗಾಗಿ ಭಾಷಣ ಅಂತ ಏನೂ ಇಲ್ಲ, ನಾನು ನೋಡಿದ್ದನ್ನ ಹೇಳ್ತೀನಿ. ಇವತ್ತು ಹೇಳ್ತಿರೋದು ಒಬ್ಬ ಡ್ರಾಯಿಂಗ್ ಮೇಷ್ಟ್ರ ಕತೆ. ಜರ್ಮನಿಯವನು, ಹೆಸರು ಯೋರ್ಗ್ ಇಮ್ಮೆನ್‌ಡಾರ್ಫ್. ಪುಸ್ತಕ ತೆಗೆದ್ರೆ ಇವನ ಬಗ್ಗೆ ಬೇರೆ ಥರ ಇರುತ್ತೆ: ದೊಡ್ಡ ಪೇಂಟರ್, ರಾಜಕೀಯವಾಗಿ ಕೆಣಕೋ ಚಿತ್ರಗಳನ್ನ ಬರೆದವನು, ಆರ್ಟ್ ಅಕಾಡೆಮಿಯಿಂದ ಹೊರಗೆ ಹಾಕಿಸ್ಕೊಂಡವನು, ಮುಂದೆ ಅದೇ ಅಕಾಡೆಮಿಗೆ ಪ್ರೊಫೆಸರ್ ಆದವನು, ದೇಶದ ಚಾನ್ಸಲರ್, ಅಂದ್ರೆ ನಮ್ಮ ಪ್ರಧಾನಿ ಇದ್ದ ಹಾಗೆ, ಅವರ ಚಿತ್ರ ಬರೆದವನು. ಎಲ್ಲಾ ನಿಜ. ಆದ್ರೆ 60ರ ದಶಕದ ಕೊನೆಯಿಂದ 1980ರವರೆಗೂ ಈತ ಡ್ಯೂಸೆಲ್‌ಡಾರ್ಫ್ ಊರಿನ ಒಂದು ಸಾಮಾನ್ಯ ಸ್ಕೂಲಲ್ಲಿ ಮಕ್ಕಳಿಗೆ ಡ್ರಾಯಿಂಗ್ ಹೇಳ್ಕೊಡ್ತಿದ್ದ. ಅಲ್ಲಿ ನಾಲ್ಕನೇ ಕ್ಲಾಸ್ ಆದ್ಮೇಲೆ ಮಕ್ಕಳನ್ನ ಬೇರೆ ಬೇರೆ ಥರದ ಸ್ಕೂಲಿಗೆ ಹಂಚಿಬಿಡ್ತಾರೆ, ಯೂನಿವರ್ಸಿಟಿಗೆ ಹೋಗೋರು ಒಂದು ಕಡೆ, ಮುಂದೆ ಕೈಕೆಲಸ, ಫ್ಯಾಕ್ಟರಿ ಕೆಲಸ ಕಲಿಯೋರು ಇನ್ನೊಂದು ಕಡೆ. ಈತ ಇದ್ದದ್ದು ಆ ಎರಡನೇ ಥರದ ಸ್ಕೂಲಲ್ಲಿ, ಹಾಪ್ಟ್‌ಶೂಲೆ ಅಂತಾರೆ ಅದಕ್ಕೆ. ನನಗೆ ಇದು ಗೊತ್ತಾಗಿದ್ದು ಮ್ಯೂಸಿಯಂ ಗೋಡೆ ಮೇಲೆ, ಅಲ್ಲೇ ನಿಂತ್ಬಿಟ್ಟೆ.

ನಾವು ಮ್ಯೂನಿಕ್‌ಗೆ ಹೋಗಿದ್ದು ಮಗಳ ಬಾಣಂತನಕ್ಕೆ, 2018ರ ಕೊನೆಯಲ್ಲಿ. ಮನೆಯಲ್ಲಿ ನನ್ನ ಹೆಂಡತಿಗೆ ಕೈತುಂಬ ಕೆಲಸ, ಎಣ್ಣೆ ನೀರು, ಮಗು, ಸಾರು. ನನಗೆ ಬೆಳಿಗ್ಗೆ ತರಕಾರಿ ಹಾಲು ತಂದುಕೊಟ್ರೆ ಆಮೇಲೆ ಏನಿಲ್ಲ. ಮಗಳೇ ಹೇಳಿದ್ಲು, ಅಪ್ಪಾ ನೀನು ಇಲ್ಲಿ ಸುಮ್ನೆ ಕಿಟಕಿ ನೋಡ್ತಾ ಕೂರ್ಬೇಡ, ಬಸ್ ಪಾಸ್ ಇದೆ, ಮ್ಯೂಸಿಯಂ ನೋಡ್ಕೊಂಡ್ ಬಾ ಅಂತ. ಹೌಸ್ ಡೆರ್ ಕುನ್ಸ್ಟ್ ಅನ್ನೋ ಕಡೆ, ಅಂದ್ರೆ ಕಲೆಯ ಮನೆ, ಇಮ್ಮೆನ್‌ಡಾರ್ಫ್‌ನ ರೆಟ್ರೋಸ್ಪೆಕ್ಟಿವ್ ನಡೀತಿತ್ತು, ಸೆಪ್ಟೆಂಬರ್ 14ರಿಂದ ಜನವರಿ 27ರವರೆಗೆ. ಅವನು ತೀರ್ಕೊಂಡು ಹನ್ನೊಂದು ವರ್ಷ ಆಗಿತ್ತು. ರೆಟ್ರೋಸ್ಪೆಕ್ಟಿವ್ ಅಂದ್ರೆ ನಿಮಗೆ ಗೊತ್ತು, ಒಬ್ಬ ಕಲಾವಿದನ ಇಡೀ ಜೀವಮಾನದ ಕೆಲಸವನ್ನ ಒಂದೇ ಕಡೆ ಇಟ್ಟು ತೋರಿಸೋದು. ನಾನು ಮೂರು ಸಲ ಹೋದೆ.

ಕಟ್ಟಡದ ಬಗ್ಗೆ ಮೊದಲು ಹೇಳ್ಬೇಕು, ಯಾಕಂದ್ರೆ ಇಂಥವನ ಚಿತ್ರ ಆ ಕಟ್ಟಡದಲ್ಲಿ ಇದೆ ಅನ್ನೋದೇ ಒಂದು ದೊಡ್ಡ ವಿಷಯ. ಹೊರಗಡೆ ಉದ್ದಕ್ಕೆ ಕಲ್ಲಿನ ಕಂಬಗಳು, ಒಂದೇ ಅಳತೆ, ಒಂದೇ ದೂರ, ನೋಡಿದ್ರೆ ಕವಾಯತಿಗೆ ನಿಲ್ಸಿದ ಹಾಗೆ. ಇದನ್ನ ಕಟ್ಟಿಸಿದ್ದು ಹಿಟ್ಲರ್ ಸರ್ಕಾರ, ಪ್ಲಾನ್ ಮಾಡಿದ್ದು ಪೌಲ್ ಲುಡ್ವಿಗ್ ಟ್ರೋಸ್ಟ್ ಅನ್ನೋ ಆರ್ಕಿಟೆಕ್ಟ್, 1937ರ ಜುಲೈ 18ಕ್ಕೆ ಹಿಟ್ಲರ್ ಬಂದು ಓಪನ್ ಮಾಡಿದ. ಜರ್ಮನ್ ಕಲೆ ಅಂದ್ರೆ ಇದು ಅಂತ ಅವನು ಒಪ್ಪಿದ ಚಿತ್ರಗಳು ಮಾತ್ರ ಒಳಗೆ, ಆರೋಗ್ಯವಾದ ರೈತರು, ಸೈನಿಕರು, ಮೈಕಟ್ಟು ಇರೋ ಶಿಲ್ಪಗಳು. ಮಾರನೇ ದಿನ, 19ಕ್ಕೆ, ಅಲ್ಲಿಂದ ನಡ್ಕೊಂಡು ಹೋಗೋ ದೂರದಲ್ಲೇ ಇನ್ನೊಂದು ಎಕ್ಸಿಬಿಷನ್ ಓಪನ್ ಮಾಡಿದ್ರು, ಕೆಟ್ಟುಹೋದ ಕಲೆ ಅಂತ ಹೆಸರಿಟ್ಟು. ದೇಶದ ಮ್ಯೂಸಿಯಂಗಳಿಂದ ಕಿತ್ಕೊಂಡು ಬಂದಿದ್ದ ಆಧುನಿಕ ಚಿತ್ರಗಳನ್ನ ಇಕ್ಕಟ್ಟಾಗಿ ನೇತು ಹಾಕಿ, ಗೋಡೆ ಮೇಲೆ ಹೀಯಾಳಿಸೋ ಮಾತು ಬರೆದು, ಜನ ಬಂದು ಉಗೀಲಿ ಅಂತ ಇಟ್ಟಿದ್ದು. ಒಂದು ಸರ್ಕಾರ ಚಿತ್ರಕ್ಕೆ ಎಷ್ಟು ಹೆದರುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾಗಿಲ್ಲ ಅನ್ಸುತ್ತೆ ನನಗೆ. ಯುದ್ಧ ಮುಗಿದು ಹತ್ತು ವರ್ಷಕ್ಕೆ, 1955ರಲ್ಲಿ, ಇದೇ ಕಟ್ಟಡದೊಳಗೆ ಪಿಕಾಸೋ ಯುದ್ಧದ ಕ್ರೌರ್ಯದ ಬಗ್ಗೆ ಬರೆದ ಗೆರ್ನಿಕಾ ಅನ್ನೋ ಆಧುನಿಕ ಚಿತ್ರ ತಂದು ತೋರಿಸಿದ್ರು. ಆ ಜಾಗದಲ್ಲಿ ಈಗ ಇಮ್ಮೆನ್‌ಡಾರ್ಫ್. ಪಕ್ಕದಲ್ಲೇ ಪಾರ್ಕು, ಪಾರ್ಕಿನ ಕಾಲುವೆ ನೀರು ಸೇತುವೆ ಹತ್ರ ಅಲೆಯಾಗಿ ಏಳ್ತಿತ್ತು, ಆ ಚಳಿಯಲ್ಲೂ ಹುಡುಗರು ಹಲಗೆ ಇಟ್ಕೊಂಡು ಅದರ ಮೇಲೆ ಸರ್ಫಿಂಗ್ ಮಾಡ್ತಿದ್ರು. ನಾನು ಪ್ರತಿ ಸಲ ಸ್ವಲ್ಪ ಹೊತ್ತು ಅವರನ್ನ ನೋಡಿ ಒಳಗೆ ಹೋಗ್ತಿದ್ದೆ.

ಇವನು ಹುಟ್ಟಿದ್ದು 1945ರ ಜೂನ್ 14. ತಾರೀಕು ನೋಡಿ, ಯುರೋಪಲ್ಲಿ ಯುದ್ಧ ಮುಗಿದು ಐದು ವಾರ ಆಗಿತ್ತು ಅಷ್ಟೇ. ಊರು ಬ್ಲೆಕೆಡೆ, ಎಲ್ಬೆ ನದಿ ದಡದ ಚಿಕ್ಕ ಊರು. ಸ್ವಲ್ಪ ದಿನಕ್ಕೆ ಆ ನದಿಯೇ ಪೂರ್ವ ಜರ್ಮನಿ ಪಶ್ಚಿಮ ಜರ್ಮನಿ ಮಧ್ಯದ ಗಡಿ ಆಗಿಹೋಯ್ತು. ಅಂದ್ರೆ ಹುಟ್ಟಿದ ಊರಿನ ಆಚೆ ದಡ ಬೇರೆ ದೇಶ. ಮುಂದೆ ಅವನು ಜೀವನ ಪೂರ್ತಿ ಬರೆದಿದ್ದು ಇದನ್ನೇ ಅಂದ್ರೂ ತಪ್ಪಾಗಲ್ಲ.

1963ರಲ್ಲಿ ಡ್ಯೂಸೆಲ್‌ಡಾರ್ಫ್ ಅಕಾಡೆಮಿಗೆ ಸೇರಿದ. ಮೊದಲು ಟೇಯೋ ಆಟೊ ಅನ್ನೋರ ಹತ್ರ ಸ್ಟೇಜ್ ಡಿಸೈನ್ ಕಲೀತಿದ್ದ. ಇವನ ಒಂದು ಪೇಂಟಿಂಗನ್ನ ನಾಟಕದ ಸೀನಿಗೆ ಅಲಂಕಾರವಾಗಿ ಬಳಸ್ಬೇಕು ಅಂದಾಗ ಆಗಲ್ಲ ಅಂದ, ಕ್ಲಾಸಿಂದ ಕಳಿಸಿಬಿಟ್ರು. ಇಲ್ಲಿ ಕೂತಿರೋ ಎಲ್ರಿಗೂ ಸ್ಕೂಲ್ ಡೇ ಬ್ಯಾಕ್‌ಡ್ರಾಪ್ ಬರೆದು ಅಭ್ಯಾಸ ಇದೆ, ಸ್ವಾಗತ ಬೋರ್ಡು, ಬಹುಮಾನದ ಸರ್ಟಿಫಿಕೇಟಲ್ಲಿ ಹೆಸರು ಬರೆಯೋದು, ಅತಿಥಿಗಳ ಹೆಸರಿನ ಚೀಟಿ, ಎಲ್ಲಾ ಡ್ರಾಯಿಂಗ್ ಮೇಷ್ಟ್ರ ತಲೆಗೇ ಬರೋದು. ಆ ಹುಡುಗ ಯಾಕೆ ಆಗಲ್ಲ ಅಂದ ಅಂತ ನಮಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಅಲ್ಲಿಂದ ಯೋಸೆಫ್ ಬಾಯ್ಸ್ ಕ್ಲಾಸಿಗೆ ಹೋದ. ಬಾಯ್ಸ್ ಅಂದ್ರೆ ಆ ಕಾಲದಲ್ಲಿ ಜರ್ಮನಿಯ ಯುವ ಕಲಾವಿದರಿಗೆ ಗುರು, ಪ್ರತಿಯೊಬ್ಬ ಮನುಷ್ಯನೂ ಕಲಾವಿದ ಅಂತ ಹೇಳಿದವರು, ಯಾವಾಗ್ಲೂ ತಲೆ ಮೇಲೆ ಫೆಲ್ಟ್ ಹ್ಯಾಟು.

1966ರಲ್ಲಿ ಇಮ್ಮೆನ್‌ಡಾರ್ಫ್ ಒಂದು ಚಿತ್ರ ಮಾಡಿದ. ಒಂದು ಮಂಚ, ಒಂದು ಹ್ಯಾಟು, ಅದರ ಮೇಲೆ ಅಡ್ಡಡ್ಡ ಎರಡು ದೊಡ್ಡ ಗೀಟು, ನಾವು ತಪ್ಪು ಉತ್ತರಕ್ಕೆ ಹಾಕ್ತೀವಲ್ಲ ಇಂಟು ಮಾರ್ಕು, ಹಾಗೆ. ಮೇಲೆ ಜರ್ಮನಲ್ಲಿ ಬರೆದಿದ್ದಾನೆ: ಚಿತ್ರ ಬರೆಯೋದು ನಿಲ್ಲಿಸಿ. ಈಗ ಇದು ನೆದರ್ಲೆಂಡ್ಸ್‌ನ ಐಂಡ್‌ಹೋವನ್ ಊರಿನ ವಾನ್ ಆಬೆ ಮ್ಯೂಸಿಯಂ ಆಸ್ತಿ. ಆಗ ಅವನಿಗೆ 21 ವರ್ಷ. ಇದನ್ನ ಬರೀ ಹುಡುಗಾಟ ಅಂತ ತಳ್ಳಿಹಾಕೋದು ಸುಲಭ. ಆದ್ರೆ ಯೋಚನೆ ಮಾಡಿ, ಚಿತ್ರ ಬರೆಯೋದು ನಿಲ್ಲಿಸಿ ಅನ್ನೋದನ್ನ ಹೇಳೋಕೆ ಅವನಿಗೆ ಕ್ಯಾನ್ವಾಸು, ಬಣ್ಣ, ಬ್ರಷ್ಷೇ ಬೇಕಾಯ್ತು. ಕರಪತ್ರ ಹಂಚಬಹುದಿತ್ತು, ಹಂಚಲಿಲ್ಲ. ಚಿತ್ರದಿಂದ ಏನು ಪ್ರಯೋಜನ ಅನ್ನೋ ಪ್ರಶ್ನೆಯನ್ನ ಚಿತ್ರದಲ್ಲೇ ಕೇಳ್ದ, ಆಮೇಲೆ ನಲವತ್ತು ವರ್ಷ ಕೇಳ್ತಾನೇ ಹೋದ, ಪ್ರತಿ ಸಲ ಬೇರೆ ಉತ್ತರ ಬಂತು, ಒಂದೆರಡು ಉತ್ತರ ಪೂರ್ತಿ ತಪ್ಪೂ ಆಗಿತ್ತು. ನನಗೆ ಆ ಎಕ್ಸಿಬಿಷನ್ ಇಷ್ಟ ಆಗಿದ್ದು ಇದಕ್ಕೆ, ಒಬ್ಬ ಮನುಷ್ಯ ಎಲ್ಲರ ಎದುರಿಗೆ ಮನಸ್ಸು ಬದಲಾಯಿಸ್ತಾ ಹೋಗಿದ್ದು ಅಲ್ಲಿ ಮುಚ್ಚುಮರೆ ಇಲ್ಲದೆ ಕಾಣುತ್ತೆ.

ಅದೇ ಕಾಲಕ್ಕೆ ಅವನು ಮಕ್ಕಳ ಚಿತ್ರಗಳನ್ನ ಬರೀತಿದ್ದ. ಗುಂಡುಗುಂಡಗೆ, ನಗ್ತಿರೋ ಕೂಸುಗಳು, ಬೇರೆ ಬೇರೆ ಮೈಬಣ್ಣದವು. ವಿಯೆಟ್ನಾಂ ಯುದ್ಧ ಜೋರಾಗಿ ನಡೀತಿದ್ದ ವರ್ಷಗಳು ಅವು. ಮ್ಯೂನಿಕ್ ಎಕ್ಸಿಬಿಷನ್ನಿಗೆ ಹೆಸರಿಟ್ಟಿದ್ದೂ ಅಲ್ಲಿಂದಾನೇ, ಜಗತ್ತಿನ ಎಲ್ಲಾ ಪ್ರೀತಿಯವರಿಗೆ ಅನ್ನೋ ಅರ್ಥದ ಹೆಸರು. ಅವನ ಚಿತ್ರಗಳಲ್ಲಿ ಜರ್ಮನ್ ಬರಹ ತುಂಬಾ ಇರುತ್ತೆ, ನನಗೆ ಓದೋಕೆ ಬರಲ್ಲ, ಫೋಟೋ ತೆಗೆದು ಅಳಿಯನಿಗೆ ವಾಟ್ಸಾಪ್ ಮಾಡ್ತಿದ್ದೆ, ಪಾಪ ಆಫೀಸಿಂದಾನೇ ಮೀಟಿಂಗ್ ಮಧ್ಯೆ ಕನ್ನಡದಲ್ಲಿ ಅರ್ಥ ಬರೆದು ಕಳಿಸ್ತಿದ್ರು. ಈ ಹೆಸರಿಗೆ ಮಾತ್ರ ಅವರು, ಮಾವ ಇದನ್ನ ಸರಿಯಾಗಿ ಕನ್ನಡಕ್ಕೆ ತರೋಕೆ ಆಗ್ತಿಲ್ಲ, ಯಾರೋ ಊರಿಗೆ ಕಾಗದ ಬರೆದು ಕೊನೆಯಲ್ಲಿ ಎಲ್ಲರನ್ನೂ ಕೇಳಿದೆ ಅಂತ ಹೇಳು ಅಂತಾರಲ್ಲ ಆ ಥರ ಇದೆ ಅಂದ್ರು. ಆ ಮಾತು ನನಗೆ ಚಿತ್ರಕ್ಕಿಂತ ಮೊದಲೇ ಚಿತ್ರದ ಒಳಗೆ ಕರ್ಕೊಂಡು ಹೋಯ್ತು.

1968ಕ್ಕೆ ಲಿಡ್ಲ್ ಶುರುವಾಯ್ತು. ಜರ್ಮನಿ ನೋಡಿದೋರಿಗೆ ಲಿಡ್ಲ್ ಅಂದ್ರೆ ಸೂಪರ್ ಮಾರ್ಕೆಟ್, ನಾವು ಹಾಲು ತರ್ತಿದ್ದದ್ದೂ ಅಲ್ಲೇ, ಆದ್ರೆ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಆ ಅಂಗಡಿ ಬಂದಿದ್ದು 1973ರಲ್ಲಿ. ಇದು ಅರ್ಥವಿಲ್ಲದ ಪದ, ಮಗುವಿನ ಗಿಲಕಿ ಅಲ್ಲಾಡಿಸಿದ್ರೆ ಬರೋ ಶಬ್ದ. ಮನೆಯಲ್ಲಿ ಮೊಮ್ಮಗನಿಗೆ ದಿನಾ ಗಿಲಕಿ ಆಡಿಸ್ತಿದ್ದ ನನಗೆ ಇದು ಕೂಡಲೇ ಕಿವಿಗೆ ಬಿತ್ತು. ಲಿಡ್ಲ್ ಅವನೊಬ್ಬನ ಕೆಲಸ ಅಲ್ಲ, ಆಗ ಅವನ ಹೆಂಡತಿಯಾಗಿದ್ದ ಕ್ರಿಸ್ ರೈನೆಕ್ಕೆ ಅನ್ನೋ ಕಲಾವಿದೆ ಸಮಸಮ ಮಾಡಿದ್ದು. ಒಬ್ಬ ಗಂಡಸಿನ ಹೆಸರಲ್ಲಿ ರೆಟ್ರೋಸ್ಪೆಕ್ಟಿವ್ ಮಾಡಿದಾಗ ಇಂಥ ಹೆಸರುಗಳು ಸಣ್ಣ ಅಕ್ಷರಕ್ಕೆ ಇಳಿದುಬಿಡುತ್ತೆ, ನನಗೆ ಅದು ಬೇಜಾರಾಯ್ತು, ಇಲ್ಲಿ ದೊಡ್ಡದಾಗೇ ಹೇಳ್ತೀನಿ, ಕ್ರಿಸ್ ರೈನೆಕ್ಕೆ.

ಆ ವರ್ಷ ಜನವರಿಯಲ್ಲಿ ಇಮ್ಮೆನ್‌ಡಾರ್ಫ್ ಬಾನ್ ಊರಿಗೆ ಹೋದ, ಆಗ ಪಶ್ಚಿಮ ಜರ್ಮನಿಯ ರಾಜಧಾನಿ ಅದು. ಒಂದು ಮರದ ದಿಮ್ಮಿಗೆ ಕಪ್ಪು ಕೆಂಪು ಬಂಗಾರ, ಅಂದ್ರೆ ದೇಶದ ಬಾವುಟದ ಮೂರು ಬಣ್ಣ ಬಳಿದು, ಮೇಲೆ ಲಿಡ್ಲ್ ಅಂತ ಬರೆದು, ಅದನ್ನ ಕಾಲಿಗೆ ಕಟ್ಕೊಂಡು ಪಾರ್ಲಿಮೆಂಟ್ ಎದುರಿಗೆ ಎಳ್ಕೊಂಡು ನಡೆದಾಡಿದ. ಅಷ್ಟೇ ಅವನು ಮಾಡಿದ್ದು. ಘೋಷಣೆ ಇಲ್ಲ, ಕಲ್ಲು ಎಸೀಲಿಲ್ಲ. ಪೊಲೀಸರು ಬಂದು ನಿಲ್ಸಿದ್ರು, ಬಾವುಟಕ್ಕೆ ಅವಮಾನ ಮಾಡಿದ ಅನ್ನೋ ಮಾತು ಬಂತು. ಅದರ ಫೋಟೋ ಇದೆ, ಸ್ಲೈಡಲ್ಲಿ ನೋಡಿ, ತೆಳ್ಳಗಿನ ಹುಡುಗ, ಕಾಲಲ್ಲಿ ಭಾರ. ಅವನ ತಲೆಮಾರಿಗೆ ದೇಶ ಅನ್ನೋದು ಹಾಗೇ ಇತ್ತು, ಬಿಚ್ಚಿ ಎಸೆಯೋಕೂ ಆಗಲ್ಲ, ಎತ್ತಿ ಹಿಡಿಯೋಕೂ ಆಗಲ್ಲ, ಅಪ್ಪಂದಿರು ಮಾಡಿದ್ದನ್ನ ಮಕ್ಕಳು ಕಾಲಲ್ಲಿ ಎಳೀಬೇಕು. ನೂರು ಪುಟ ಬರೆದ್ರೂ ಬರದೇ ಇರೋದು ಒಂದು ಮರದ ತುಂಡಲ್ಲಿ ಬಂದಿದೆ. ವರ್ಷದ ಕೊನೆಗೆ ಅಕಾಡೆಮಿಯ ಕಾರಿಡಾರಲ್ಲೇ ಲಿಡ್ಲ್ ಅಕಾಡೆಮಿ ಅಂತ ತಮ್ಮದೇ ಒಂದನ್ನ ಶುರು ಮಾಡಿದ್ರು, ಅಧಿಕಾರಿಗಳು ತೆರವು ಮಾಡಿಸಿದ್ರು, ಕೊನೆಗೆ ಅವನನ್ನ ಹೊರಗೆ ಹಾಕಿದ್ರು.

ಮೇಷ್ಟ್ರು ಆದ ಕಾಲ ಇದೇ. ಮತ್ತೆ ಅವನು ಮಾವೋವಾದಿ, ಅಂದ್ರೆ ಚೀನಾದ ಕಮ್ಯುನಿಸ್ಟ್ ನಾಯಕ ಮಾವೋನ ವಿಚಾರ ನಂಬಿದವನು, ಆದ ಕಾಲವೂ ಇದೇ. ಪಾರ್ಟಿ ಕೆಲಸ, ಬಾಡಿಗೆದಾರರ ಹೋರಾಟ, ಕಾರ್ಮಿಕರ ಮೆರವಣಿಗೆ. ಸ್ಕೂಲಲ್ಲಿ ಏನು ಮಾಡ್ದೆ, ಯಾಕೆ ಮಾಡ್ದೆ ಅಂತ ಲೆಕ್ಕ ಒಪ್ಪಿಸೋ ಹಾಗೆ ಚಿತ್ರಗಳನ್ನೇ ಬರೆದ, 1973ರಲ್ಲಿ ಒಂದು ಪುಸ್ತಕವನ್ನೂ ತಂದ, ಇಲ್ಲಿ ಈಗ ಮಾಡ್ಬೇಕಾದ್ದನ್ನ ಮಾಡೋದು ಅನ್ನೋ ಅರ್ಥದ ಹೆಸರು ಅದಕ್ಕೆ.

ಈ ಕಾಲದ ಎರಡು ಚಿತ್ರದ ಹತ್ರ ನಾನು ಜಾಸ್ತಿ ಹೊತ್ತು ನಿಲ್ತೀನಿ, ದಯವಿಟ್ಟು ಸಹಿಸ್ಕೊಳ್ಳಿ. ಮೊದಲನೆಯದು 1972ರದ್ದು. ರಾತ್ರಿ ಹೊತ್ತು, ಒಂದು ರೂಮು, ಯುವ ಕಲಾವಿದ ಒಬ್ಬ ಕನಸು ಕಾಣ್ತಾ ಇದ್ದಾನೆ, ಜೊತೆಗೆ ಬರಹ: ನಾನು ಕಲಾವಿದ ಆಗ್ಬೇಕು ಅಂತಿದ್ದೆ. ಅದರ ಕೆಳಗೆ ಇರೋದನ್ನ ಅಳಿಯ ಬರೆದು ಕಳಿಸಿದ್ದು ಇನ್ನೂ ಫೋನಲ್ಲಿದೆ. ಪೇಪರಲ್ಲಿ ಹೆಸರು ಬರ್ಬೇಕು, ತುಂಬಾ ಎಕ್ಸಿಬಿಷನ್ ಮಾಡ್ಬೇಕು ಅಂತ ಕನಸು ಕಾಣ್ತಿದ್ದೆ, ಕಲೆಯಲ್ಲಿ ಏನಾದ್ರೂ ಹೊಸದು ಮಾಡ್ಬೇಕು ಅಂತಲೂ ಇತ್ತು, ನನಗೆ ದಾರಿ ತೋರಿಸ್ತಿದ್ದದ್ದು ಸ್ವಾರ್ಥ. ಹೀಗೆ ಇದೆ ಅದರ ತಾತ್ಪರ್ಯ. ಬೇರೆಯವರಿಗೆ ಬೆರಳು ತೋರಿಸಿದ್ದಲ್ಲ ಇದು, ತನ್ನ ಕಡೆಗೇ ತೋರಿಸ್ಕೊಂಡಿದ್ದು. ರಾಜಕೀಯ ಚಿತ್ರ ಅಂದ್ರೆ ಸರ್ಕಾರಕ್ಕೆ ಬೈಯೋದು ಅಂತ ನಾವು ಅಂದ್ಕೊಂಡಿರ್ತೀವಿ, ಇವನು ಮೊದಲು ಕೇಸ್ ಹಾಕಿದ್ದು ತನ್ನ ಮೇಲೆ.

ಎರಡನೆಯದು 1973ರದ್ದು, ಎರಡು ಕ್ಯಾನ್ವಾಸ್ ಜೋಡಿಸಿದ್ದು. ಪೇಂಟರ್ ಒಬ್ಬ ತನ್ನ ಸ್ಟುಡಿಯೋದಲ್ಲಿ ಕೆಲಸ ಮಾಡ್ತಿದ್ದಾನೆ. ಬಾಗಿಲು ತಳ್ಳಿ ಇನ್ನೊಬ್ಬ ಬಂದಿದ್ದಾನೆ, ಅವನ ಕೈ ಹೊರಗಡೆ ತೋರಿಸ್ತಾ ಇದೆ, ಹೊರಗೆ ಬೀದಿ ತುಂಬಾ ಜನ, ಬ್ಯಾನರ್, ಮೆರವಣಿಗೆ. ಅವನು ಕೇಳೋ ಮಾತೇ ಚಿತ್ರದ ಹೆಸರು: ನಿನ್ನ ಕಲೆ ಇಟ್ಕೊಂಡು ನೀನು ಎಲ್ಲಿ ನಿಂತಿದ್ದೀಯ, ಕೊಲ್ಲೇಗೆ? ಈ ಕೊಲ್ಲೇಗೆ ಅನ್ನೋ ಪದಕ್ಕೆ ಅಳಿಯ ಮೊದಲು ಕಾಮ್ರೇಡ್ ಅಂತ ಬರೆದಿದ್ರು, ಆಮೇಲೆ ಅವರೇ ತಿದ್ದಿದ್ರು, ಅಲ್ಲ ಮಾವ, ಕಾಮ್ರೇಡ್‌ಗೆ ಬೇರೆ ಪದ ಇದೆ, ಇದು ಜೊತೆಗೆ ಕೆಲಸ ಮಾಡೋರನ್ನ ಕರೆಯೋದು, ನಾವು ಆಫೀಸಲ್ಲಿ ದಿನಾ ಬಳಸ್ತೀವಿ ಅಂತ. ಹಾಗಾದ್ರೆ ನಮ್ಮ ಸ್ಟಾಫ್ ರೂಮಿನ ಭಾಷೆಯಲ್ಲಿ ಅದು, ನಿಮ್ಮ ಕಲೆ ಯಾವ ಕಡೆಗೆ ನಿಂತಿದೆ, ಮೇಷ್ಟ್ರೇ?

1980ರಲ್ಲಿ ನರಗುಂದ ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆದಾಗ ನಾನು ಚಿತ್ರಕಲೆ ಓದ್ತಿದ್ದ ಹುಡುಗ. ಹಾಸ್ಟೆಲ್ಲಲ್ಲಿ ಕ್ಯಾಮೆಲ್ ಪೋಸ್ಟರ್ ಕಲರ್ ಇಟ್ಕೊಂಡು ಪರೀಕ್ಷೆಗೆ ಸ್ಟಿಲ್ ಲೈಫ್ ಬರೀತಿದ್ದೆ, ಒಂದು ಹೂಜಿ, ಎರಡು ಬಾಳೆಹಣ್ಣು. ಸೀನಿಯರ್ ಒಬ್ಬ ಬಾಗಿಲು ತೆಗೆದು, ಏಯ್ ಬಣ್ಣ ಇದ್ಯಾ, ಬಾ, ರಾತ್ರಿಗೆ ನಲವತ್ತು ಪೋಸ್ಟರ್ ಆಗ್ಬೇಕು ಅಂದ. ಹೋದೆ. ಕೆಂಪು ಖಾಲಿಯಾಗೋವರೆಗೂ ಬರೆದೆ. ಬೆಳಿಗ್ಗೆ ಬಂದು ನೋಡಿದ್ರೆ ಬಾಳೆಹಣ್ಣು ಕಪ್ಪಾಗಿತ್ತು, ಆ ಸ್ಟಿಲ್ ಲೈಫ್ ಮುಗೀಲೇ ಇಲ್ಲ. ಆ ಪೋಸ್ಟರುಗಳಲ್ಲಿ ಒಂದಾದ್ರೂ ಒಳ್ಳೆ ಚಿತ್ರ ಇತ್ತಾ ಅಂದ್ರೆ, ಇರಲಿಲ್ಲ. ಹೋಗಿದ್ದು ತಪ್ಪಾ ಅಂದ್ರೆ, ತಪ್ಪಲ್ಲ. ಈ ಎರಡು ಮಾತನ್ನ ನನ್ನ ತಲೆಯಲ್ಲಿ ಒಟ್ಟಿಗೆ ಇಟ್ಕೊಳ್ಳೋಕೆ ಇಷ್ಟು ವರ್ಷ ಆಗಿರಲಿಲ್ಲ, ಆ ಚಿತ್ರದ ಮುಂದೆ ನಿಂತಾಗ ಅವತ್ತು ಆಯ್ತು.

ಯಾಕಂದ್ರೆ ಇಮ್ಮೆನ್‌ಡಾರ್ಫ್‌ನ ಆ ಕಾಲದ ಚಿತ್ರಗಳು ಬಹಳಷ್ಟು ಪೋಸ್ಟರ್ ಥರಾನೇ ಇವೆ, ನೇರ ಗೆರೆ, ಚಪ್ಪಟೆ ಬಣ್ಣ, ದೊಡ್ಡ ಅಕ್ಷರ, ಪಾರ್ಟಿ ಹೇಳಿದ ಮಾತು. ಕೆಲವನ್ನ ಈಗ ನೋಡೋಕೆ ಕಷ್ಟ ಆಗುತ್ತೆ, ಮಾವೋನ ಚೀನಾದಲ್ಲಿ ಆಗ ಜನ ಎಂಥ ಸ್ಥಿತಿಯಲ್ಲಿದ್ರು ಅಂತ ನಮಗೆ ಈಗ ಗೊತ್ತಿದೆ. ಒಬ್ಬ ಪೇಂಟರ್‌ನ ಹೆಸರು ಉಳಿಸ್ಬೇಕು ಅಂದ್ರೆ ಇವನ್ನ ಗೋಡೌನಲ್ಲೇ ಬಿಡೋದು ಸುಲಭವಾಗಿತ್ತು. ಬಿಡಲಿಲ್ಲ, ಒಳ್ಳೆ ಗೋಡೆಗೆ ಹಾಕಿದ್ರು. ನಾವು ಮಕ್ಕಳಿಗೆ ರಬ್ಬರ್ ಮುಟ್ಬೇಡ, ತಪ್ಪಿದ ಗೆರೆ ಹಾಗೇ ಇರ್ಲಿ, ಅದರ ಪಕ್ಕದಲ್ಲಿ ಸರಿಯಾದ್ದನ್ನ ಎಳಿ ಅಂತೀವಲ್ಲ, ಇಡೀ ಎಕ್ಸಿಬಿಷನ್ ಹಾಗಿತ್ತು ಅನ್ನಿ.

ಸರಿಯಾದ ಗೆರೆ ಬಂದಿದ್ದು ಆಮೇಲೆ. 1976ರಲ್ಲಿ ಅವನು ಪೂರ್ವ ಬರ್ಲಿನ್‌ಗೆ ಹೋಗಿ ಎ.ಆರ್. ಪೆಂಕ್ ಅನ್ನೋ ಪೇಂಟರ್‌ನ ಭೇಟಿ ಮಾಡಿದ. ಪೆಂಕ್ ನಿಜವಾದ ಹೆಸರು ರಾಲ್ಫ್ ವಿಂಕ್ಲರ್, ಡ್ರೆಸ್ಡೆನ್‌ನವನು, ಕಡ್ಡಿ ಮನುಷ್ಯರ ಆಕೃತಿಗಳನ್ನ ಬರೀತಿದ್ದ, ನಮ್ಮ ಗುಹಾಚಿತ್ರಗಳನ್ನ ನೋಡಿದೋರಿಗೆ ತಕ್ಷಣ ಹತ್ರ ಅನ್ಸುತ್ತೆ. ಅಲ್ಲಿಯ ಕಮ್ಯುನಿಸ್ಟ್ ಸರ್ಕಾರ ಅವನಿಗೆ ಬಹಿರಂಗವಾಗಿ ಎಕ್ಸಿಬಿಷನ್ ಮಾಡೋಕೆ ಬಿಡ್ತಿರಲಿಲ್ಲ. ಈಗ ಯೋಚನೆ ಮಾಡಿ, ಪಶ್ಚಿಮದಲ್ಲಿ ಕೂತು ಕ್ರಾಂತಿ ಬೇಕು ಅಂತಿದ್ದವನು, ಆ ಹೆಸರಲ್ಲೇ ಆಳ್ತಿದ್ದ ಸರ್ಕಾರದ ಕೆಳಗೆ ಉಸಿರು ಕಟ್ಕೊಂಡು ಕೂತ ಗೆಳೆಯನನ್ನ ನೋಡ್ತಾನೆ. ಅದೇ ವರ್ಷ ಇಟಲಿಯ ವೆನಿಸ್ ಬಿಯೆನಾಲೆ ಅನ್ನೋ ದೊಡ್ಡ ಅಂತಾರಾಷ್ಟ್ರೀಯ ಕಲಾ ಎಕ್ಸಿಬಿಷನ್ನಲ್ಲಿ ಇಮ್ಮೆನ್‌ಡಾರ್ಫ್ ಪೂರ್ವ ಜರ್ಮನಿಯಲ್ಲಿ ಸ್ವಾತಂತ್ರ್ಯ ಇಲ್ಲ ಅಂತ ಕರಪತ್ರ ಹಂಚಿದ. ಇಬ್ಬರೂ ಬರ್ಲಿನ್ ಗೋಡೆಯ ಎರಡು ಬದಿಯಿಂದ ಒಟ್ಟಿಗೆ ಕೆಲಸ ಮಾಡೋಣ ಅಂತ ಒಪ್ಪಂದ ಮಾಡ್ಕೊಂಡ್ರು. ಮುಂದೆ 1980ರಲ್ಲಿ ಪೆಂಕ್ ಪಶ್ಚಿಮಕ್ಕೆ ಬಂದ.

ಈ ಸ್ನೇಹದಿಂದ ಬಂದಿದ್ದು ಕೆಫೆ ಡಾಯ್ಚ್‌ಲಾಂಡ್, ಅಂದ್ರೆ ಜರ್ಮನಿ ಹೋಟ್ಲು ಅನ್ಕೊಳ್ಳಿ. 1977ರಲ್ಲಿ ಕಲೋನ್ ಊರಲ್ಲಿ ಇಟಲಿಯ ರೆನಾಟೊ ಗುಟ್ಟುಸೊ ಬರೆದ ಒಂದು ಕೆಫೆ ಚಿತ್ರ ನೋಡಿದ್ದ, ಸತ್ತವರು ಬದುಕಿರೋರು ಎಲ್ಲ ಒಂದೇ ಕೆಫೆಯಲ್ಲಿ ಕೂತಿರೋ ಥರದ್ದು. ಅದನ್ನ ಹಿಡ್ಕೊಂಡು, ಡ್ಯೂಸೆಲ್‌ಡಾರ್ಫ್‌ನ ರಾಟಿಂಗರ್ ಹೋಫ್ ಅನ್ನೋ, ಪಂಕ್ ಸಂಗೀತದ ಹುಡುಗರು ಸೇರ್ತಿದ್ದ ಜಾಗದ ವಾತಾವರಣ ಸೇರಿಸಿ, 16 ದೊಡ್ಡ ಚಿತ್ರಗಳ ಸರಣಿ ಬರೆದ. ದೊಡ್ಡದು ಅಂದ್ರೆ ಸುಮಾರು ಒಂಬತ್ತು ಅಡಿ ಎತ್ತರ, ಅದಕ್ಕಿಂತ ಜಾಸ್ತಿ ಅಗಲ. ನಮ್ಮ ಕ್ಲಾಸ್ ರೂಮಿನ ಕಪ್ಪುಹಲಗೆ ಗೋಡೆ ಇರುತ್ತಲ್ಲ, ಹೆಚ್ಚುಕಡಿಮೆ ಆ ಇಡೀ ಗೋಡೆ ಒಂದು ಚಿತ್ರಕ್ಕೆ.

ಸರಣಿಯ ಮೊದಲ ಚಿತ್ರ 1977-78ರದ್ದು. ಕತ್ತಲೆ ಕತ್ತಲೆಯಾದ ಡಿಸ್ಕೊ, ಮಧ್ಯದಲ್ಲಿ ಇಮ್ಮೆನ್‌ಡಾರ್ಫ್ ತಾನೇ ಕೂತಿದ್ದಾನೆ, ಅವನ ಒಂದು ಕೈ ಗೋಡೆಯನ್ನ ತೂತು ಮಾಡ್ಕೊಂಡು ಆಚೆ ಹೋಗಿದೆ. ಯಾವ ಗೋಡೆ ಅಂತ ಹೇಳ್ಬೇಕಾಗಿಲ್ಲ. ಆಚೆ ಇರೋ ಪೆಂಕ್‌ನ ಮುಖ ಪ್ರತಿಬಿಂಬದಲ್ಲಿ ಕಾಣುತ್ತೆ, ಬ್ರಾಂಡೆನ್‌ಬರ್ಗ್ ಗೇಟು, ಬರ್ಲಿನ್ ಊರಿನ ಮಧ್ಯೆ ಗಡಿಯಲ್ಲಿದ್ದ ಹಳೇ ಹೆಬ್ಬಾಗಿಲು, ಅದು ಕೂಡ ಪ್ರತಿಬಿಂಬವಾಗೇ ಇದೆ. ಪಶ್ಚಿಮದ ಚಾನ್ಸಲರ್ ಹೆಲ್ಮುಟ್ ಶ್ಮಿಟ್ ಇದ್ದಾರೆ, ಪೂರ್ವದ ನಾಯಕ ಎರಿಕ್ ಹೊನೆಕರ್ ಇದ್ದಾರೆ. ಇಡೀ ಸರಣಿಯಲ್ಲಿ ಜರ್ಮನಿಯ ಲಾಂಛನದ ಹದ್ದು ಮತ್ತೆ ಮತ್ತೆ ಬರುತ್ತೆ, ಹಿಟ್ಲರ್ ಪಾರ್ಟಿಯ ಸ್ವಸ್ತಿಕ ಬರುತ್ತೆ, ಹಿಮ ಬರುತ್ತೆ, ಎಲ್ಲ ಹೆಪ್ಪುಗಟ್ಟಿದ ಹಾಗೆ. ಒಂದು ಸಲಕ್ಕೆ ಎಲ್ಲ ಕಣ್ಣಿಗೆ ಸಿಗಲ್ಲ. ಜಾತ್ರೆ ನೋಡಿದ ಹಾಗೆ, ಎಲ್ಲಿ ಶುರು ಮಾಡ್ಬೇಕು ಅಂತ ಗೊತ್ತಾಗಲ್ಲ, ಯಾವುದೋ ಮೂಲೆಯಲ್ಲಿ ಇನ್ನೊಂದು ಕತೆ ನಡೀತಿರುತ್ತೆ. ಮೊದಲ ದಿನ ನನಗೆ ತಲೆಸುತ್ತು ಬಂದು ಹೊರಗೆ ಬೆಂಚ್ ಮೇಲೆ ಕೂತೆ, ಎರಡನೇ ಸಲ ಹೋದಾಗ ಬರೀ ಕೈಗಳನ್ನ ಮಾತ್ರ ನೋಡ್ಕೊಂಡು ಹೋದೆ, ಯಾರ ಕೈ ಎಲ್ಲಿದೆ, ಏನು ಹಿಡಿದಿದೆ. ಆ ದಾರಿಯಲ್ಲಿ ಹೋದ್ರೆ ಚಿತ್ರ ಬಿಚ್ಕೊಳ್ಳುತ್ತೆ, ನೀವೂ ಪ್ರಯತ್ನ ಮಾಡಿ.

ಇಲ್ಲಿ ಪಾರ್ಟಿ ಮಾತಿಲ್ಲ ನೋಡಿ. ಹಿಂದಿನ ಚಿತ್ರದಲ್ಲಿ ಬಾಗಿಲಲ್ಲಿ ನಿಂತವನ ಕೈ ಹೊರಗಡೆ ತೋರಿಸ್ತಿತ್ತು, ಆದೇಶ ಕೊಡೋ ಕೈ ಅದು. ಐದು ವರ್ಷ ಆದ್ಮೇಲೆ ಅದೇ ಪೇಂಟರ್‌ನ ಕೈ ಗೋಡೆ ತೂರ್ಕೊಂಡು ಒಬ್ಬ ಗೆಳೆಯನನ್ನ ಹುಡುಕ್ತಾ ಇದೆ. ನನ್ನ ಪ್ರಕಾರ ಅವನ ನಿಜವಾದ ರಾಜಕೀಯ ಶುರುವಾಗಿದ್ದು ಇಲ್ಲಿಂದ, ಇದನ್ನ ಒಪ್ಪದೇ ಇರೋರು ಇದ್ದಾರೆ, ಮಾವೋ ಕಾಲದ್ದೇ ಪ್ರಾಮಾಣಿಕ, ಕೆಫೆ ಆದ್ಮೇಲೆ ಮಾರ್ಕೆಟ್ಟಿಗೆ ಹೋದ ಅನ್ನೋರು. ಅವರ ಮಾತಲ್ಲೂ ಹುರುಳಿದೆ, 80ರ ದಶಕದಲ್ಲಿ ಜರ್ಮನ್ ಪೇಂಟಿಂಗ್‌ಗೆ ಜಗತ್ತಿನಲ್ಲಿ ಭಾರೀ ಬೆಲೆ ಬಂತು, ಇವನಿಗೂ ಹಣ, ಹೆಸರು ಬಂತು, ಹ್ಯಾಂಬರ್ಗ್‌ನಲ್ಲಿ ಒಂದು ಬಾರ್ ಕೂಡ ಇಟ್ಟ. ಆದ್ರೆ 1978ರಲ್ಲಿ ಎರಡು ಜರ್ಮನಿ ಒಂದಾಗ್ಬೇಕು ಅನ್ನೋದು ಎಡಪಂಥದ ಕಲಾವಿದರು ಬಾಯಿಬಿಟ್ಟು ಹೇಳೋ ಮಾತಾಗಿರಲಿಲ್ಲ, ಹೇಳಿದ್ರೆ ಬಲಪಂಥ ಅಂತಿದ್ರು. ಎರಡೂ ಕಡೆಯವರಿಗೆ ಇಷ್ಟ ಆಗದ್ದನ್ನ ಅವನು ಬರೆದ. 1982ರಲ್ಲಿ ಕಾಸೆಲ್ ಊರಿನ ಡಾಕ್ಯುಮೆಂಟಾ ಅನ್ನೋ ದೊಡ್ಡ ಕಲಾ ಎಕ್ಸಿಬಿಷನ್ನಲ್ಲಿ ಬ್ರಾಂಡೆನ್‌ಬರ್ಗ್ ಗೇಟಿನ ಆಕಾರದ ದೊಡ್ಡ ಶಿಲ್ಪ ನಿಲ್ಸಿದ, ಹೆಸರು ನಾಟ್, ಅಂದ್ರೆ ಹೊಲಿಗೆ, ಗಾಯಕ್ಕೆ ಡಾಕ್ಟ್ರು ಹಾಕ್ತಾರಲ್ಲ ಆ ಹೊಲಿಗೆ. ಏಳು ವರ್ಷ ಆದ್ಮೇಲೆ ಗೋಡೆ ಬಿತ್ತು.

ಗೋಡೆ ಬಿದ್ಮೇಲಿನ ಚಿತ್ರಗಳು ನನ್ನನ್ನ ಅಷ್ಟು ಹಿಡೀಲಿಲ್ಲ. ಪ್ಯಾರಿಸ್ಸಿನ ಕೆಫೆ ಅಂತ ಇನ್ನೊಂದು ಸರಣಿ, ಅದರಲ್ಲಿ ಕಲಾಚರಿತ್ರೆಯ ದೊಡ್ಡವರೆಲ್ಲ ಕೂತಿದ್ದಾರೆ, ಕೋತಿಗಳು ಓಡಾಡ್ತಿವೆ, ಕೋತಿ ಅಂದ್ರೆ ಕಲಾವಿದ ತಾನೇ. 1994ರಲ್ಲಿ ಸಾಲ್ಸ್‌ಬರ್ಗ್ ಉತ್ಸವದಲ್ಲಿ ಸ್ಟ್ರಾವಿನ್‌ಸ್ಕಿಯ ಒಂದು ಆಪೆರಾಕ್ಕೆ ಸ್ಟೇಜ್ ಮಾಡಿದ, ಬ್ಯಾಕ್‌ಡ್ರಾಪ್‌ಗೆ ಚಿತ್ರ ಕೊಡಲ್ಲ ಅಂದ ಹುಡುಗ ಮೂವತ್ತು ವರ್ಷ ಆದ್ಮೇಲೆ ತನ್ನದೇ ಷರತ್ತಲ್ಲಿ ಸ್ಟೇಜಿಗೆ ವಾಪಸ್ ಬಂದ. 1996ಕ್ಕೆ ಡ್ಯೂಸೆಲ್‌ಡಾರ್ಫ್ ಅಕಾಡೆಮಿಗೇ ಪ್ರೊಫೆಸರ್.

1998ರಲ್ಲಿ ಎಎಲ್ಎಸ್ ಕಾಯಿಲೆ ಅಂತ ಗೊತ್ತಾಯ್ತು, ನರಗಳು ಸಾಯ್ತಾ ಹೋಗುತ್ತೆ, ಸ್ನಾಯುಗಳು ಒಂದೊಂದೇ ಮಾತು ಕೇಳಲ್ಲ, ತಲೆ ಮಾತ್ರ ಚುರುಕಾಗೇ ಇರುತ್ತೆ. 2003ರಲ್ಲಿ ಹೋಟೆಲಲ್ಲಿ ಕೊಕೇನ್ ಸಮೇತ ಪೊಲೀಸರ ಕೈಗೆ ಸಿಕ್ಕಿದ, ಮುಂದಿನ ವರ್ಷ ಕೋರ್ಟು 11 ತಿಂಗಳ ಅಮಾನತು ಶಿಕ್ಷೆ, ಒಂದೂವರೆ ಲಕ್ಷ ಯೂರೋ ದಂಡ ಹಾಕ್ತು. ಸುಮಾರು ಜನಕ್ಕೆ ಅವನ ಬಗ್ಗೆ ನೆನಪಿರೋದು ಇದೊಂದೇ, ಅದಕ್ಕೇ ಸತ್ತು ಇಷ್ಟು ವರ್ಷ ಆದ್ಮೇಲೆ ಚಿತ್ರಗಳನ್ನ ಮತ್ತೆ ಒಟ್ಟಿಗೆ ನೋಡೋದು ಬೇಕಾಗಿತ್ತು. ಮ್ಯೂನಿಕ್ ಆದ್ಮೇಲೆ ಈ ಎಕ್ಸಿಬಿಷನ್ 2019ರಲ್ಲಿ ಸ್ಪೇನ್ ದೇಶದ ಮ್ಯಾಡ್ರಿಡ್‌ನ ರೀನಾ ಸೋಫಿಯಾ ಮ್ಯೂಸಿಯಂಗೂ ಹೋಯ್ತು, ಅಲ್ಲಿ ಅದರ ಹೆಸರು ಪೇಂಟರ್‌ನ ಕೆಲಸ. ಆ ಹೆಸರೇ ಹೆಚ್ಚು ಸರಿ ಅನ್ಸುತ್ತೆ ನನಗೆ.

ಇನ್ನೊಂದು ವಿಷಯ ಹೇಳಿ ಮುಗಿಸ್ತೀನಿ. ಇಮ್ಮೆನ್‌ಡಾರ್ಫ್ ಎಡಗೈಯವನು. ಕಾಯಿಲೆ ಮೊದಲು ಹಿಡಿದಿದ್ದು ಆ ಎಡಗೈಯನ್ನೇ. ಬ್ರಷ್ ಹಿಡಿಯೋಕೆ ಆಗ್ದೇ ಹೋದಾಗ ಬಲಗೈಗೆ ತಗೊಂಡ. ಬಲಗೈಯೂ ಹೋಯ್ತು, ಆಮೇಲೆ ವೀಲ್‌ಚೇರಲ್ಲಿ ಕೂತು ಬಾಯಲ್ಲಿ ಹೇಳ್ತಾ ಹೋದ, ಸಹಾಯಕರು ಬರೀತಾ ಹೋದ್ರು. ಚಾನ್ಸಲರ್ ಆಗಿದ್ದ ಗೆರ್ಹಾರ್ಡ್ ಶ್ರೋಡರ್ ಅವರ ಬಂಗಾರದ ಬಣ್ಣದ ಚಿತ್ರ ಹಾಗೆ ಆಗಿದ್ದು, ಸುತ್ತ ಪುಟ್ಟ ಕೋತಿಗಳು ಅದರಲ್ಲೂ ಇವೆ, ಈಗ ಬರ್ಲಿನ್‌ನ ಚಾನ್ಸಲರ್ ಕಚೇರಿಯಲ್ಲಿ ಉಳಿದ ಚಾನ್ಸಲರ್‌ಗಳ ಸಾಲಲ್ಲಿ ಇದೆ. 2007ರ ಮೇ 28ಕ್ಕೆ ತೀರ್ಕೊಂಡ, 61 ವರ್ಷ. ಕೊನೆಯ ವರ್ಷಗಳ ಚಿತ್ರಗಳಲ್ಲಿ ಆ ಜಾತ್ರೆ ಇಲ್ಲ, ಹಿಂದಿನ ಕಾಲದಲ್ಲಿ ಕೆತ್ತಿ ಅಚ್ಚು ತೆಗೆದ ಚಿತ್ರಗಳಿಂದ ತಗೊಂಡ ಆಕೃತಿಗಳು ಒಂಟೊಂಟಿಯಾಗಿ ನಿಂತಿವೆ, ಸುತ್ತ ಖಾಲಿ ಜಾಗ ತುಂಬಾ ಇದೆ. ಬೇರೆಯವರ ಕೈಯಲ್ಲಿ ಬರೆಸಿದ್ದು ಅವನ ಚಿತ್ರ ಹೇಗಾಗುತ್ತೆ ಅಂತ ಅಲ್ಲಿ ಯಾರೋ ಗೈಡ್‌ನ ಕೇಳ್ತಿದ್ರು. ನಾವು 31 ವರ್ಷ ಮಕ್ಕಳ ಹಿಂದೆ ನಿಂತ್ಕೊಂಡು ಇಲ್ಲಿ ಸ್ವಲ್ಪ ಗಾಢ ಮಾಡು, ಅಲ್ಲಿ ಬಿಡು, ಸಾಕು ನಿಲ್ಸು ಅಂತ ಹೇಳ್ಕೊಟ್ಟವರು. ಬಾಯಲ್ಲಿ ಹೇಳಿ ಕೈಯಿಂದ ಬರಿಸೋದು ಏನು ಅಂತ ನಮಗೆ ಗೊತ್ತು. ಅವನಿಗೂ ಗೊತ್ತಿತ್ತು, ಹಾಪ್ಟ್‌ಶೂಲೆಯಲ್ಲಿ ಕಲಿತಿದ್ದ.

ಮೂರನೇ ಸಲ ನೋಡ್ಕೊಂಡು ಮನೆಗೆ ಬಂದೆ, ನಾಲ್ಕೂವರೆಗೇ ಕತ್ತಲಾಗಿತ್ತು. ಹೆಂಡತಿ ಮಗಳು ಇಬ್ಬರೂ ಮಲಗಿದ್ರು, ಮಗು ನನ್ನ ಪಕ್ಕ ತೊಟ್ಟಿಲಲ್ಲಿ. ನಾನು ಬಲಗೈಯವನು, ಪೆನ್ಸಿಲ್‌ನ ಎಡಗೈಗೆ ತಗೊಂಡು ಮಗುವಿನ ತಲೆ ಬರೆಯೋಕೆ ಕೂತೆ. ಗೆರೆ ಎಲ್ಲೆಲ್ಲೋ ಹೋಗುತ್ತೆ, ಕೈ ನಂದೇ ಅಲ್ಲ ಅನ್ಸುತ್ತೆ, ಕಣ್ಣು ನೋಡ್ತಿರೋದು ಒಂದು, ಬೆರಳು ಮಾಡ್ತಿರೋದು ಇನ್ನೊಂದು. ಬರೀ ಕಿವಿಗೇ ಕಾಲು ಗಂಟೆ ಹಿಡೀತು. ಆ ಹಾಳೆ ತಂದಿದ್ದೀನಿ, ಮುಂದಿನ ಸಾಲಿಂದ ಹಾಗೇ ಹಿಂದಕ್ಕೆ ದಾಟಿಸಿ, ಅಂಚು ಹಿಡ್ಕೊಳ್ಳಿ, ಪೆನ್ಸಿಲ್ ಫಿಕ್ಸ್ ಮಾಡಿಲ್ಲ, ಕೈ ತಾಗಿದ್ರೆ ಅಳಿಸಿಹೋಗುತ್ತೆ.